ಅಜ್ಜಿಯ ಕಾಲದ ಸಿಂಗರ್ ಹೊಲಿಗೆ ಮಿಷನ್ ಬಿಗಿಯಾಗಿ ನಿಂತಿದೆ. ಹೇಗೆ ಉಳಿಸಿಕೊಳ್ಳುವುದು?

ಚಕ್ರ ತಿರುಗುತ್ತಿಲ್ಲವೆಂದು ಗುಜರಿಗೆ ಹಾಕಬೇಡಿ. ಹೆಚ್ಚಿನ ಸಲ ಕಾರಣ ತುಕ್ಕಲ್ಲ, ಒಣಗಿ ಅಂಟಾದ ಹಳೆಯ ಎಣ್ಣೆ. ತೆಂಗಿನೆಣ್ಣೆ ಬಿಟ್ಟಿದ್ದರಂತೂ ಹೇಳುವುದೇ ಬೇಡ. ಎಣ್ಣೆ ತೂತುಗಳಿಗೆ ಎರಡೆರಡು ಹನಿ ಸೀಮೆಎಣ್ಣೆ ಹಾಕಿ, ಒಂದು ರಾತ್ರಿ ಹಾಗೇ ಇಟ್ಟು, ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಸಡಿಲವಾದ ಮೇಲೆ ಮಿಷನ್ ಎಣ್ಣೆಯನ್ನೇ ಬಿಡಿ.

ಕಪ್ಪು ಮೈಮೇಲಿನ ಬಂಗಾರದ ಚಿತ್ತಾರದ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ. ಅದನ್ನು ಕಾಯುತ್ತಿರುವುದು ಅರಗಿನ ಲೇಪ. ಸ್ಪಿರಿಟ್ಟೋ ಸ್ಯಾನಿಟೈಸರೋ ತಾಗಿದರೆ ಅದು ಕರಗಿ, ಚಿತ್ತಾರವೂ ಕಿತ್ತು ಬರುತ್ತದೆ. ಮಿಷನ್ ಎಣ್ಣೆ ಹಚ್ಚಿದ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಹೊಸದಾಗಿ ಪೇಂಟ್ ಹೊಡೆಸಲೇಬೇಡಿ.

ವಯಸ್ಸು ತಿಳಿಯಲು ಸೀರಿಯಲ್ ನಂಬರ್ ನೋಡಿ. ಬರೀ ಅಂಕಿಗಳಿದ್ದರೆ ಸಾಮಾನ್ಯವಾಗಿ 1900ಕ್ಕಿಂತ ಹಿಂದಿನದು. ಮುಂದೆ ‘ಎಫ್’ ಅಥವಾ ‘ವೈ’ ಅಕ್ಷರವಿದ್ದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು.