ಹಿರಿಯೂರು–ಚಿತ್ರದುರ್ಗ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಮುಂಗುಸಿಯನ್ನು ತಂದು ಟ್ಯಾಕ್ಸಿಡರ್ಮಿ (ಚರ್ಮ ಸುಲಿದು ಹದಮಾಡಿ, ಒಳಗೆ ತುಂಬಿ, ಜೀವಂತವಿದ್ದಂತೆ ನಿಲ್ಲಿಸುವ ಕಲೆ) ಮಾಡಬಹುದೇ?

ಮಾಡಬಾರದು, ದಯವಿಟ್ಟು ಮುಟ್ಟಲೂ ಬೇಡಿ. ನೀವು ಕೊಲ್ಲಲಿಲ್ಲ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಂತೆ ಸತ್ತು ಬಿದ್ದ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅದು ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯಾಧಿಕಾರಿಗೆ ತಿಳಿಸಿ ಒಪ್ಪಿಸಬೇಕು. ಜೋಗಿಮಟ್ಟಿ ಕಾಡಿನ ಅಂಚಿನ ಚಿರತೆಗೂ, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿಗೂ (ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿ), ನಿಮ್ಮ ಮುಂಗುಸಿಗೂ ಇದೇ ನಿಯಮ. ಇಲ್ಲವಾದರೆ ಬೇಟೆಯಾಡಿದವನೂ ‘ರಸ್ತೆಯಲ್ಲಿ ಸಿಕ್ಕಿತು’ ಎಂದು ಪಾರಾಗುತ್ತಿದ್ದ. ಕಾನೂನು ಇಷ್ಟು ಬಿಗಿಯಾಗಿರುವುದು ಸರಿಯೆಂದೇ ನನ್ನ ಅಭಿಪ್ರಾಯ. ಫೋಟೊ ತೆಗೆದು, ಕಿಲೋಮೀಟರ್ ಕಲ್ಲಿನ ಸಂಖ್ಯೆ ಗುರುತು ಮಾಡಿಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಪ್ರಾಣಿಗಳು ಎಲ್ಲಿ ರಸ್ತೆ ದಾಟುತ್ತವೆ ಎಂಬುದು ಇಂಥ ಮಾಹಿತಿಯಿಂದಲೇ ತಿಳಿಯುವುದು.

ಕಲೆ ಕಲಿಯುವ ಆಸೆಯಿದ್ದರೆ ನಾಟಿ ಹುಂಜದಿಂದ ಆರಂಭಿಸಿ. ಸಾಕುಪ್ರಾಣಿಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹುಂಜ ಸತ್ತ ಮೇಲೆ ನಮ್ಮ ಕಡೆಯ ಬಿಸಿಲಿನಲ್ಲಿ ತಡಮಾಡಿದರೆ ಕೆಲಸ ಕೆಟ್ಟಿತೆಂದೇ ತಿಳಿಯಿರಿ. ಹೊಟ್ಟೆಯ ಭಾಗದ ಪುಕ್ಕವನ್ನು ಮೆಲ್ಲಗೆ ಎಳೆದು ನೋಡಿ: ಹಿಡಿಹಿಡಿಯಾಗಿ ಕಿತ್ತು ಬಂದು, ಕೆಳಗಿನ ಚರ್ಮ ಹಸಿರುಗಟ್ಟಿದ್ದರೆ ಆ ಚರ್ಮ ಉಳಿಯದು. ಚೆನ್ನಾಗಿದ್ದರೆ ತಕ್ಷಣ ಸುಲಿದು, ಕೊಬ್ಬನ್ನು ಕೆರೆದು ತೆಗೆದು, ಒಳಭಾಗಕ್ಕೆ ಬೋರಾಕ್ಸ್ (ಬಿಳಿಗಾರ) ಪುಡಿ ಸವರಿ.

ಇನ್ನೊಂದು ಮಾತು. ಹುಂಜದ ಬದಲು ಸತ್ತ ಕುರಿಯ ಮೇಲೆ ಕಲಿಯಲು ಹೊರಟರೆ ಎಚ್ಚರ: ಕುರಿ ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಆಗಿರಬಹುದು. ಅದನ್ನು ಕೊಯ್ಯಲೇಬೇಡಿ, ಪಶುವೈದ್ಯರಿಗೆ ತಿಳಿಸಿ.