ಇನ್ಹೇಲರ್ ಔಷಧ ಎದೆಯಲ್ಲೇ ಉಳಿಯುತ್ತಾ, ಮೈಗೂ ಹರಡುತ್ತಾ?

ನೀವು ಕೇಳಿರುವುದು ಇಷ್ಟು: "ಇನ್ಹೇಲರ್ ಔಷಧ ನೇರ ಶ್ವಾಸಕೋಶಕ್ಕೆ ಹೋಗುತ್ತೆ, ಮೈಗೆ ತಾಗಲ್ಲ ಅಂತಾರೆ. ಹಾಗಾದ್ರೆ ಸಾಲ್ಬುಟಮಾಲ್ (ಉಸಿರನ್ನು ತಕ್ಷಣ ಹಗುರ ಮಾಡುವ ಔಷಧ) ಎರಡು ಪಫ್ ತಗೊಂಡ ಮೇಲೆ ಕೈ ನಡುಗೋದು, ಎದೆ ಡವಡವ ಅನ್ನೋದು ಯಾಕೆ? ಸ್ಟೆರಾಯ್ಡ್ ಇನ್ಹೇಲರ್ ಆದ ಮೇಲೆ ಮಾತ್ರ ಬಾಯಿ ಮುಕ್ಕಳಿಸಿ ಅಂತಾರಲ್ಲ, ಅದ್ಯಾಕೆ?"

ನಾನು ಫಾರ್ಮಸಿಸ್ಟ್. ಇನ್ಹೇಲರ್ ಎಳೆಯುವುದನ್ನು ರೋಗಿಗಳಿಗೆ ತೋರಿಸಿಕೊಡುವುದು ನನ್ನ ಕೆಲಸದ ಭಾಗ. ಎರಡೂ ಪ್ರಶ್ನೆ ಒಳ್ಳೆಯವು. ಮೊದಲು ಔಷಧ ಎಲ್ಲೆಲ್ಲಿ ಹೋಗುತ್ತದೆ ಅಂತ ನೋಡೋಣ.

ಪಂಪ್ ಒತ್ತಿದಾಗ ಹೊರಬರುವ ಔಷಧ ಗಂಟಲಲ್ಲೇ ಎರಡು ಪಾಲಾಗುತ್ತದೆ. ಒಂದು ಪಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಇನ್ನೊಂದು ಬಾಯಿ, ಗಂಟಲಿಗೆ ಅಂಟಿ, ಎಂಜಲಿನ ಜೊತೆ ಹೊಟ್ಟೆ ಸೇರುತ್ತದೆ. ದೊಡ್ಡ ಪಾಲು ಹೊಟ್ಟೆಯದ್ದೇ! ಸ್ಪೇಸರ್ (ಪಂಪ್ ಮತ್ತು ಬಾಯಿಯ ನಡುವೆ ಸಿಕ್ಕಿಸುವ ಟೊಳ್ಳು ಡಬ್ಬಿ) ಇಲ್ಲದೆ ಸಾಮಾನ್ಯ ಪಂಪ್ ಬಳಸಿದರೆ ಶ್ವಾಸಕೋಶ ಮುಟ್ಟುವುದು ಸುಮಾರು ಶೇ. 10ರಿಂದ 20 ಮಾತ್ರ. ಕೆಲವು ಹೊಸ ಪಂಪ್‌ಗಳಲ್ಲಿ ಇದು ಜಾಸ್ತಿ.

ಯಾವ ಹನಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಅದರ ಗಾತ್ರ ಮತ್ತು ವೇಗದ ಮೇಲಿದೆ. ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು. 5 ಮೈಕ್ರಾನ್‌ಗಿಂತ ದೊಡ್ಡ ಹನಿಗಳು ಗಂಟಲಿನ ತಿರುವಿನಲ್ಲಿ ತಿರುಗಲಾರವು. ಜೋರಾಗಿ ಬಂದ ಗಾಡಿ ತಿರುವು ಸಿಗದೆ ಎದುರಿನ ಗೋಡೆಗೆ ಬಡಿಯುವ ಹಾಗೆ, ಅಲ್ಲೇ ಬಡಿದು ಅಂಟುತ್ತವೆ. 1ರಿಂದ 5 ಮೈಕ್ರಾನ್‌ನವು ಒಳಗಿನ ಸಣ್ಣ ನಾಳಗಳವರೆಗೆ ಹೋಗುತ್ತವೆ. ಅದಕ್ಕಿಂತ ತೀರಾ ಸಣ್ಣವು ಎಲ್ಲೂ ಕೂರದೆ ಉಸಿರಿನ ಜೊತೆ ವಾಪಸ್ ಬಂದುಬಿಡಬಹುದು.

ಪಂಪ್ ಎಳೆಯುವಾಗ ನಿಧಾನವಾಗಿ, ಆಳವಾಗಿ ಎಳೆಯಿರಿ, ಆಮೇಲೆ 10 ಸೆಕೆಂಡ್ ಉಸಿರು ಹಿಡಿಯಿರಿ ಅಂತ ನಾವು ಹೇಳುವುದು ಇದಕ್ಕೇ. ನಿಧಾನ ಎಳೆದರೆ ಹನಿ ಗಂಟಲಿಗೆ ಬಡಿಯುವುದು ಕಡಿಮೆ. ಉಸಿರು ಹಿಡಿದಷ್ಟು ಹೊತ್ತು ಅದು ನಾಳದ ಗೋಡೆ ಮೇಲೆ ಕೂರುತ್ತದೆ. ಎಷ್ಟೋ ಜನ ಮೊದಲು ಒತ್ತಿ, ಆಮೇಲೆ ಎಳೆಯುತ್ತಾರೆ. ಆಗ ತುಟಿಯ ಅಂಚಿನಿಂದ ಬಿಳಿ ಹೊಗೆ ಆಚೆ ಬರುವುದು ಕಣ್ಣಿಗೇ ಕಾಣುತ್ತದೆ. ಹೋದದ್ದು ಅವರ ಔಷಧ. ಪುಡಿ ಇನ್ಹೇಲರ್‌ನಲ್ಲಿ ಮಾತ್ರ ವಿಧಾನ ಉಲ್ಟಾ: ಅಲ್ಲಿ ಪುಡಿಯನ್ನು ಒಡೆದು ಹಾರಿಸುವುದು ನಿಮ್ಮ ಉಸಿರೇ, ಹಾಗಾಗಿ ಜೋರಾಗಿ ಎಳೆಯಬೇಕು.

ಈಗ ಕೈ ನಡುಕಕ್ಕೆ ಬರೋಣ. ನಾಳದ ಗೋಡೆ ಮೇಲೆ ಕೂತ ಸಾಲ್ಬುಟಮಾಲ್ ಅಲ್ಲಿನ ತೆಳುವಾದ ದ್ರವದಲ್ಲಿ ಕರಗಿ ಸ್ನಾಯುಗಳಿಗೆ ಇಳಿಯುತ್ತದೆ. ಅಲ್ಲಿ ಬೀಟಾ-2 ಅನ್ನುವ ಗ್ರಾಹಕಗಳಿವೆ. ಔಷಧ ಅವಕ್ಕೆ ಅಂಟಿದರೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ಹೆಚ್ಚೂಕಡಿಮೆ 5 ನಿಮಿಷದಲ್ಲಿ ಉಸಿರು ಹಗುರವಾಗುತ್ತದೆ. ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ. ಇದೇ ಔಷಧದ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ, ಅಂದರೆ 20ರಿಂದ 40 ಪಟ್ಟು. ನನಗೆ ಇನ್ಹೇಲರ್ ಮೇಲೆ ಇಷ್ಟು ಪ್ರೀತಿ ಇರುವುದು ಈ ಲೆಕ್ಕಕ್ಕೇ.

ಆದರೆ ಔಷಧ ಅಲ್ಲೇ ನಿಲ್ಲುವುದಿಲ್ಲ. ಶ್ವಾಸಕೋಶದ ತುಂಬಾ ರಕ್ತ ಹರಿಯುತ್ತಿರುತ್ತದೆ. ಗಾಳಿಗೂಡು ಮತ್ತು ರಕ್ತದ ನಡುವಿನ ಪದರ ಬಹಳ ಕಡೆ ಒಂದು ಮೈಕ್ರಾನ್‌ಗಿಂತ ತೆಳು. ಅಲ್ಲಿಂದ ರಕ್ತಕ್ಕೆ ಸೇರಿದ ಔಷಧ ನೇರ ಹೃದಯದ ಎಡಭಾಗಕ್ಕೆ ಬಂದು, ಮೈಗೆಲ್ಲಾ ಹರಡುತ್ತದೆ. ಹೊಟ್ಟೆ ಸೇರಿದ ಪಾಲು ಮೊದಲು ಲಿವರ್ ದಾಟಬೇಕು, ಅಲ್ಲಿ ಒಂದಷ್ಟು ಕರಗಿಹೋಗುತ್ತದೆ. ಶ್ವಾಸಕೋಶದ ಪಾಲಿಗೆ ಆ ತಡೆ ಇಲ್ಲ. ಕೈಕಾಲಿನ ಸ್ನಾಯುಗಳಲ್ಲೂ ಬೀಟಾ-2 ಗ್ರಾಹಕಗಳಿವೆ, ಅದರಿಂದ ನಡುಕ. ಹೃದಯದಲ್ಲೂ ಇವೆ, ಜೊತೆಗೆ ರಕ್ತನಾಳಗಳೂ ಸ್ವಲ್ಪ ಹಿಗ್ಗುತ್ತವೆ, ಅದರಿಂದ ಡವಡವ. ನೆಬ್ಯುಲೈಸರ್‌ನಲ್ಲಿ (ದ್ರವ ಔಷಧವನ್ನು ಮಂಜಿನ ಹಾಗೆ ಮಾಡಿ ಕೊಡುವ ಯಂತ್ರ) ಒಮ್ಮೆಗೆ ಹಾಕುವುದೇ ಸಾಮಾನ್ಯವಾಗಿ 2.5 ಮಿಲಿಗ್ರಾಂ, ಹಾಗಾಗಿ ಅಲ್ಲಿ ನಡುಕ ಇನ್ನೂ ಜಾಸ್ತಿ ಅನ್ನಿಸಬಹುದು.

ಆಪರೇಷನ್‌ಗೆ ಕೊಡುವ ಸೆವೊಫ್ಲುರೇನ್‌ನಂಥ ಅರಿವಳಿಕೆ ಅನಿಲಗಳು ಬೇಕಂತಲೇ ಇದೇ ದಾರಿಯಲ್ಲಿ ಮೆದುಳಿಗೆ ಹೋಗುತ್ತವೆ. ಆಮೇಲೆ ಬಹುಪಾಲು ಉಸಿರಿನಲ್ಲೇ ಆಚೆ ಬರುತ್ತವೆ.

ಸ್ಟೆರಾಯ್ಡ್ ಕಥೆ ಬೇರೆ. ಇನ್ಹೇಲರ್‌ನಲ್ಲಿ ಬರುವ ಬುಡೆಸೊನೈಡ್ ಅನ್ನುವ ಸ್ಟೆರಾಯ್ಡ್ ನುಂಗಿದರೆ ಲಿವರ್ ದಾಟಿ ಉಳಿಯುವುದು ಸುಮಾರು ಶೇ. 10, ಫ್ಲುಟಿಕಾಸೋನ್ ಅನ್ನುವ ಇನ್ನೊಂದು ಸ್ಟೆರಾಯ್ಡ್ ಆದರೆ ಶೇ. 1ಕ್ಕಿಂತ ಕಡಿಮೆ. ಹಾಗಾಗಿ ಹೊಟ್ಟೆಗೆ ಹೋದದ್ದಕ್ಕಿಂತ ಗಂಟಲಲ್ಲಿ ಉಳಿದದ್ದೇ ಜಾಸ್ತಿ ತೊಂದರೆ ಕೊಡುತ್ತದೆ. ಸ್ಟೆರಾಯ್ಡ್ ಇದ್ದ ಜಾಗದಲ್ಲಿ ರೋಗನಿರೋಧಕ ಶಕ್ತಿ ತಗ್ಗಿ, ಬಾಯಲ್ಲಿ ಬಿಳಿ ಬಿಳಿಯಾಗಿ ಫಂಗಸ್ ಬೆಳೆಯಬಹುದು. ದನಿಯೂ ಒಡೆಯಬಹುದು. ಮುಕ್ಕಳಿಸಿ ಉಗಿಯಿರಿ ಅನ್ನುವುದು ಇದಕ್ಕೆ. ಸುಮ್ನೆ ನೀರು ಕುಡಿದರೆ ಸಾಲದು.

ಬುಡೆಸೊನೈಡ್‌ನದ್ದು ಒಂದು ವಿಶೇಷ ಇದೆ. ನಾಳದ ಜೀವಕೋಶಗಳು ಅದನ್ನು ಕೊಬ್ಬಿನಾಮ್ಲಕ್ಕೆ ಕಟ್ಟಿ ಒಳಗೇ ಇಟ್ಟುಕೊಂಡು, ನಿಧಾನಕ್ಕೆ ಬಿಡುತ್ತವೆ. ಆದರೂ ಸ್ಟೆರಾಯ್ಡ್ ಎಳೆದ ಕೂಡಲೇ ಏನೂ ಆರಾಮ ಅನ್ನಿಸುವುದಿಲ್ಲ. ಅದು ಜೀವಕೋಶದ ಕೇಂದ್ರದವರೆಗೆ ಹೋಗಿ, ಊತ ತರುವ ಪ್ರೋಟೀನ್‌ಗಳ ತಯಾರಿಯನ್ನೇ ತಗ್ಗಿಸಬೇಕು. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. "ಇದು ಕೆಲಸ ಮಾಡ್ತಿಲ್ಲ" ಅಂತ ಜನ ಇದನ್ನೇ ಬಿಟ್ಟು, ತಕ್ಷಣ ಆರಾಮ ಕೊಡುವ ಪಂಪನ್ನೇ ಒತ್ತುತ್ತಾ ಹೋಗುವುದು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ. ಒಳಗಿನ ಊತ ಹಾಗೇ ಇರುತ್ತದೆ, ಅಲ್ವಾ?

ನಿಮ್ಮ ನಡುಕ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಸ್ಪೇಸರ್ ಹಾಕಿಕೊಳ್ಳಿ, ದೊಡ್ಡ ಹನಿಗಳು ಅದರ ಗೋಡೆಗೇ ಅಂಟಿ ಗಂಟಲು ಉಳಿಯುತ್ತದೆ. ಎದೆಬಡಿತ ತಪ್ಪುತ್ತಿದೆ ಅನ್ನಿಸಿದರೆ, ಎದೆನೋವು ಬಂದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಸಾಲ್ಬುಟಮಾಲ್ ವಾರದಲ್ಲಿ ಎಷ್ಟು ಸಲ ಬೇಕಾಗುತ್ತಿದೆ ಅಂತ ಬರೆದಿಟ್ಟು ಅವರಿಗೆ ತೋರಿಸಿ.