ಹಳೇ ಪೇಟೆಂಟ್‌ಗಳಲ್ಲೂ ಸ್ಪ್ರಿಂಗ್ ಇದೆ, ನನ್ನ ಕನೆಕ್ಟರ್‌ಗೆ ಪೇಟೆಂಟ್ ಸಿಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಬಾರ್‌ಕೋಡ್ ಸ್ಕ್ಯಾನರ್‌ನ ಚಾರ್ಜಿಂಗ್ ಡಾಕ್‌ಗೆ ಸ್ಪ್ರಿಂಗ್ ಪಿನ್‌ಗಳ ಕನೆಕ್ಟರ್ ಮಾಡಿದ್ದೀರಿ. ಸ್ಕ್ಯಾನರ್ ಇಟ್ಟಾಗ ಪಿನ್ ಒಳಗೆ ಹೋಗುವುದರ ಜೊತೆಗೆ ಸ್ವಲ್ಪ ಪಕ್ಕಕ್ಕೂ ಜಾರುತ್ತದೆ, ಮೇಲೆ ಕೂತ ಧೂಳು ಉಜ್ಜಿ ಹೋಗುತ್ತದೆ. ಹುಡುಕಿದರೆ ಸ್ಪ್ರಿಂಗ್ ಕನೆಕ್ಟರ್ ಪೇಟೆಂಟ್‌ಗಳು ರಾಶಿ ಬಿದ್ದಿವೆ. ಇನ್ನೂ ಆಸೆ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ.

ಇಟ್ಟುಕೊಳ್ಳಬಹುದು. ಆದರೆ ಸ್ಪ್ರಿಂಗ್ ಮೇಲೆ ಅಲ್ಲ. ನಾನು ಮೊದಲು ಕನೆಕ್ಟರ್ ಡಿಸೈನ್ ಮಾಡುತ್ತಿದ್ದೆ, ಈಗ ಪೇಟೆಂಟ್ ಡ್ರಾಫ್ಟಿಂಗ್ ಮಾಡುತ್ತೇನೆ. ಈ ಕ್ಷೇತ್ರದಲ್ಲಿ ಮೊದಲ ಕ್ಲೇಮ್, ಅಂದರೆ 'ಇಷ್ಟು ನನ್ನ ಹಕ್ಕು' ಅಂತ ಅರ್ಜಿಯಲ್ಲಿ ಹೇಳುವ ವಾಕ್ಯ, ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ಬರೆಯುತ್ತಾರೆ: 'ಒಂದು ಕವಚ, ಅದರೊಳಗೆ ಜರುಗುವ ಒಂದು ಸಂಪರ್ಕ ಭಾಗ, ಅದನ್ನು ಹೊರಕ್ಕೆ ಒತ್ತುವ ಒಂದು ಸ್ಪ್ರಿಂಗ್.' ಓದೋಕೆ ಚೆನ್ನಾಗಿದೆ, ವ್ಯಾಪ್ತಿಯೂ ದೊಡ್ಡದು ಅನಿಸುತ್ತೆ. ಆದರೆ ಮಾರುಕಟ್ಟೆಯಲ್ಲಿರುವ ಪ್ರತಿಯೊಂದು ಪೋಗೊ ಪಿನ್ (ಸ್ಪ್ರಿಂಗ್ ಪಿನ್‌ಗೆ ಇರುವ ರೂಢಿಯ ಹೆಸರು) ಈ ವಾಕ್ಯದೊಳಗೆ ಕೂರುತ್ತದೆ. ಕ್ಲೇಮ್ ಅಗಲ ಮಾಡಿದಷ್ಟೂ ಹಳೆಯದು ಅದರೊಳಗೆ ಜಾಸ್ತಿ ಬಂದು ಬೀಳುತ್ತೆ.

ಪೋಗೊ ಪಿನ್ ಒಳಗೆ ಏನಿದೆ ಅಂತ ಸ್ವಲ್ಪ ನೋಡೋಣ, ಯಾಕೆಂದರೆ ನಿಮ್ಮ ಉತ್ತರ ಅಲ್ಲೇ ಇದೆ. ಒಂದು ಸಣ್ಣ ಕೊಳವೆ, ಒಳಗೆ ಸ್ಪ್ರಿಂಗ್, ಮುಂದೆ ಜರುಗುವ ಪಿನ್. ಕರೆಂಟು ಸ್ಪ್ರಿಂಗ್ ಮೂಲಕ ಹರಿದರೆ ತೊಂದರೆ. ತಂತಿ ಸಣ್ಣದು, ಉದ್ದ ಜಾಸ್ತಿ, ಬಿಸಿಯಾಗುತ್ತೆ. ಅದಕ್ಕೆ ಪಿನ್ನಿನ ಹಿಂಬದಿಯನ್ನು ಓರೆಯಾಗಿ ಕತ್ತರಿಸುತ್ತಾರೆ. ಸ್ಪ್ರಿಂಗ್ ಆ ಓರೆ ಮುಖವನ್ನು ಒತ್ತಿದಾಗ ಪಿನ್ ಪಕ್ಕಕ್ಕೆ ವಾಲಿ ಕೊಳವೆಯ ಗೋಡೆಗೆ ಒರಗುತ್ತದೆ, ಕರೆಂಟು ಗೋಡೆ ಮೂಲಕ ಹೋಗುತ್ತದೆ. ಅಂದರೆ ಸ್ಪ್ರಿಂಗ್ ಬಲದಿಂದ ಪಿನ್ನನ್ನು ಪಕ್ಕಕ್ಕೆ ತಳ್ಳುವುದು ಹಳೇ ವಿದ್ಯೆ. ಅರ್ಜಿ ಪರಿಶೀಲಿಸುವ ಪೇಟೆಂಟ್ ಕಚೇರಿಯ ಎಕ್ಸಾಮಿನರ್ ಮೊದಲು ಇದನ್ನೇ ಎತ್ತುತ್ತಾರೆ. ಎರಡನೆಯದಾಗಿ, ಉಜ್ಜಿ ಸ್ವಚ್ಛ ಮಾಡುವುದು. ಬಾಗುವ ಪಟ್ಟಿ ಇರುವ ಕನೆಕ್ಟರ್‌ಗಳಲ್ಲಿ ಇದೂ ಮೊದಲಿಂದ ಇದೆ.

ಇವೆರಡೂ ಒಂದೇ ಹಳೇ ದಾಖಲೆಯಲ್ಲಿ ನಿಮ್ಮದರ ಹಾಗೇ ಇದ್ದರೆ ಹೊಸತನ ಇಲ್ಲ, ಕತೆ ಮುಗೀತು. ಬೇರೆ ಬೇರೆ ದಾಖಲೆಗಳಲ್ಲಿದ್ದರೆ ಹೊಸತನ ಉಳಿಯುತ್ತೆ. ಆಗ ಇನ್ನೊಂದು ಪ್ರಶ್ನೆ ಬರುತ್ತದೆ: ಈ ಕೆಲಸ ಬಲ್ಲ ಒಬ್ಬ ಎಂಜಿನಿಯರ್ ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡು ಸುಲಭವಾಗಿ ಜೋಡಿಸುತ್ತಿದ್ದನಾ? ನಿಜವಾದ ಜಗಳ ನಡೆಯುವುದು ಇಲ್ಲೇ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಎಫ್) ಕಲಂ ಪ್ರಕಾರ, ಗೊತ್ತಿರುವ ಸಾಧನಗಳನ್ನು ಬರೀ ಜೋಡಿಸಿ, ಅವು ತಮ್ಮ ಪಾಡಿಗೆ ಹಳೇ ರೀತಿಯಲ್ಲೇ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ. 1978ರಲ್ಲಿ ಸುಪ್ರೀಂ ಕೋರ್ಟ್ ಮಿರ್ಜಾಪುರದ ಪಾತ್ರೆ ತಯಾರಕರ ಪ್ರಕರಣದಲ್ಲಿ ಇದೇ ಧಾಟಿಯಲ್ಲಿ ಹೇಳಿತು. ಲೇತ್‌ನಲ್ಲಿ ಪಾತ್ರೆ ಹಿಡಿದಿಡುವ ಸಾಧನಕ್ಕೆ ಪೇಟೆಂಟ್ ಇತ್ತು. ಇದು ವರ್ಕ್‌ಶಾಪಿನಲ್ಲಿ ಯಾರಾದರೂ ಮಾಡಬಹುದಾದ ಸುಧಾರಣೆ, ಅದಕ್ಕಿಂತ ಹೆಚ್ಚಿನದೇನೂ ಇಲ್ಲ ಅಂತ ಆ ಪೇಟೆಂಟ್ ಬಿದ್ದುಹೋಯಿತು. ಅದೇ ತೀರ್ಪಿನಲ್ಲಿ ನಿಮಗೆ ಬೇಕಾದ ಮಾತೂ ಇದೆ: ಹಳೇ ಭಾಗಗಳ ಜೋಡಣೆಯಿಂದ ಹೊಸ ಫಲ ಬಂದರೆ, ಅಥವಾ ವಸ್ತು ಇನ್ನೂ ಚೆನ್ನಾಗಿ, ಅಗ್ಗವಾಗಿ ಆದರೆ, ಅದಕ್ಕೆ ಪೇಟೆಂಟ್ ಸಿಗಬಹುದು.

ಆಪಲ್ ಲ್ಯಾಪ್‌ಟಾಪ್‌ನ ಮ್ಯಾಗ್‌ಸೇಫ್ ಚಾರ್ಜರ್ ಗೊತ್ತಲ್ವಾ? ಅದರ ಪ್ಲಗ್ಗಿನಲ್ಲಿ ಐದು ಸ್ಪ್ರಿಂಗ್ ಪಿನ್, ಸುತ್ತ ಆಯಸ್ಕಾಂತ. ಆಯಸ್ಕಾಂತದ ಪ್ಲಗ್ ಜಪಾನಿನ ಅಡುಗೆಮನೆ ಉಪಕರಣಗಳಲ್ಲಿ ಅದಕ್ಕೂ ಮುಂಚೆ ಇತ್ತು, ಸ್ಪ್ರಿಂಗ್ ಪಿನ್ ಅಂತೂ ಇದ್ದೇ ಇತ್ತು. ಆದರೂ 2007ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಹಳೇ ಭಾಗಗಳೇ ಇವೆ ಅನ್ನುವ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಹಾಗಾಗಿ ನಿಮ್ಮ ಕ್ಲೇಮ್ 'ಪಕ್ಕಕ್ಕೆ ಜಾರುವ ಪಿನ್' ಅಂತ ನಿಲ್ಲಬಾರದು. ಯಾವ ಭಾಗ ಯಾವುದಕ್ಕೆ ತಾಗಿ, ಪಿನ್ ಎಷ್ಟು ಒಳಗೆ ಹೋದ ಮೇಲೆ, ಯಾವ ದಿಕ್ಕಿಗೆ ಜಾರುತ್ತದೆ ಅನ್ನುವುದು ಅದರಲ್ಲಿರಬೇಕು. ಒಂದು ಪರೀಕ್ಷೆಯನ್ನೂ ಮಾಡಿಡಿ. ಮಾಮೂಲಿ ಪೋಗೊ ಪಿನ್, ನಿಮ್ಮ ಪಿನ್, ಎರಡಕ್ಕೂ ಅದೇ ಧೂಳು, ಅಷ್ಟೇ ಸಲ ಹಾಕಿ ತೆಗೆಯುವುದು. ಆಮೇಲೆ ಸಂಪರ್ಕದ ರೆಸಿಸ್ಟೆನ್ಸ್ ಮಿಲಿಓಮ್‌ನಲ್ಲಿ ಅಳೆಯಿರಿ. ಫೈಲ್ ಮಾಡಿದ ಮೇಲೆ ಹೊಸ ವಿಷಯ ತುರುಕೋಕೆ ಬಿಡಲ್ಲ, ಹಾಗಾಗಿ ಈ ಅಳತೆಗಳ ಕೋಷ್ಟಕ ಮೊದಲೇ ಸೇರಿರಲಿ. ವಕೀಲರ ಹತ್ತು ಪುಟ ವಾದಕ್ಕಿಂತ ಇಂಥ ಒಂದು ಕೋಷ್ಟಕಕ್ಕೆ ತೂಕ ಹೆಚ್ಚು ಅಂತ ನನ್ನ ಅನಿಸಿಕೆ.

ಹುಡುಕುವಾಗ ಬರೀ ಪದಗಳನ್ನು ನಂಬಬೇಡಿ. ಒಬ್ಬರು ಪಿನ್ ಅಂದಿದ್ದನ್ನು ಇನ್ನೊಬ್ಬರು ಪ್ಲಂಜರ್ ಅಂದಿರುತ್ತಾರೆ. ಎಸ್ಪಾಸ್‌ನೆಟ್ ಅಥವಾ ಗೂಗಲ್ ಪೇಟೆಂಟ್ಸ್ ಎಂಬ ಪೇಟೆಂಟ್ ಹುಡುಕುವ ತಾಣಗಳಲ್ಲಿ ಎಚ್01ಆರ್ 13/24 (H01R 13/24) ಅನ್ನುವ ವರ್ಗ ಹಾಕಿ ನೋಡಿ. ಸ್ಪ್ರಿಂಗ್‌ನಂತೆ ಬಾಗುವ, ಒತ್ತಿ ತಾಗುವ ಸಂಪರ್ಕಗಳೆಲ್ಲ ಅಲ್ಲಿವೆ. ಚಿತ್ರ ನೋಡ್ತಾ ಹೋದರೆ ಸಾಕು, ಬೇಗ ಗೊತ್ತಾಗುತ್ತೆ.

ಕರ್ನಾಟಕದವರಾದರೆ ನಿಮ್ಮ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಗೆ, ಆನ್‌ಲೈನಲ್ಲೇ. ಒಬ್ಬ ವ್ಯಕ್ತಿಯಾಗಿ ಹಾಕಿದರೆ ಅರ್ಜಿ ಶುಲ್ಕ 1600 ರೂಪಾಯಿ, ಎಕ್ಸಾಮಿನರ್ ಅದನ್ನು ಪರಿಶೀಲಿಸುವುದಕ್ಕೆ ಬೇರೆ ಕಟ್ಟಬೇಕು. ಡಿಸೈನ್ ಪೂರ್ತಿ ಆಗಿಲ್ಲದಿದ್ದರೆ ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ 12 ತಿಂಗಳೊಳಗೆ ಪೂರ್ತಿ ವಿವರಣೆ ಕೊಡಿ.

ಕೊನೆಗೆ ಇನ್ನೊಂದು. ಪಿನ್ ಯಾಕೆ ಜಾರುತ್ತೆ ಅಂತ ಬರೆದಿದ್ದೀರಿ, ಹೇಗೆ ಜಾರುತ್ತೆ ಅಂತ ಬರೆದಿಲ್ಲ. ಒಳ್ಳೇದೇ ಆಯ್ತು. ಅಮೆರಿಕದಲ್ಲಿ ನೀವೇ ಬಹಿರಂಗ ಮಾಡಿದ್ದಕ್ಕೆ ಒಂದು ವರ್ಷದ ರಿಯಾಯಿತಿ ಇದೆ. ನಮ್ಮಲ್ಲಿ ಕೆಲವು ವಿಶೇಷ ಸಂದರ್ಭ ಬಿಟ್ಟರೆ ಹಾಗಿಲ್ಲ, ಹೇಗೆ ಅಂತ ಬರೆದಿದ್ದರೆ ನೀವು ಇಲ್ಲಿ ಹಾಕಿದ ಪೋಸ್ಟೇ ನಾಳೆ ನಿಮ್ಮ ವಿರುದ್ಧ ನಿಲ್ಲುತ್ತಿತ್ತು. ಕಾಮೆಂಟಿನಲ್ಲಿ ಯಾರಾದರೂ ಸ್ಕೆಚ್ ಕೇಳಿದರೆ ಸುಮ್ನೆ ಇದ್ದುಬಿಡಿ. ನಾನು ಕೇಳಿದರೂ ಕೊಡಬೇಡಿ.